ಹೊರಡುವ ಮುನ್ನ ಕಟ್ಟುವ ಗಂಟು



2023ರ ಫೆಬ್ರುವರಿ 6. ಬೆಳಗಿನ ಜಾವ ಜನ ಇನ್ನೂ ಹಾಸಿಗೆಯಲ್ಲಿದ್ದಾಗ ತುರ್ಕಿಯ ದಕ್ಷಿಣ ಭಾಗ ಮತ್ತು ಪಕ್ಕದ ಸಿರಿಯಾ ನಡುಗಿದವು. ಭೂಕಂಪದ ತೀವ್ರತೆ 7.8. ಮರುದಿನವೇ ನಮ್ಮ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ, ಎನ್‌ಡಿಆರ್‌ಎಫ್ ಎಂದು ನಾವೆಲ್ಲ ಕರೆಯುವ ಪಡೆ, ವಾಯುಪಡೆಯ ವಿಮಾನ ಹತ್ತಿತು. ಆ ಕಾರ್ಯಾಚರಣೆಗೆ ‘ಆಪರೇಷನ್ ದೋಸ್ತ್’ ಎಂದು ಹೆಸರು. ಒಟ್ಟು 152 ಮಂದಿ, ಅವರ ಜೊತೆ ಆರು ನಾಯಿಗಳು. ನೂರ್ದಾಗಿ ಎಂಬ ಊರಿನಲ್ಲಿ ಕುಸಿದ ಕಟ್ಟಡದಡಿ ಆರು ವರ್ಷದ ಹುಡುಗಿಯೊಬ್ಬಳು ಬದುಕಿದ್ದಾಳೆಂದು ಸುಳಿವು ಕೊಟ್ಟದ್ದು ರೋಮಿಯೋ, ಜೂಲಿ ಎಂಬ ಎರಡು ಲ್ಯಾಬ್ರಡಾರ್ ನಾಯಿಗಳು. ಇದೆಲ್ಲ ಆಗ ಪತ್ರಿಕೆಗಳಲ್ಲಿ ಬಂದಿತ್ತು, ನೀವೂ ಓದಿರುತ್ತೀರಿ.

ನಾನು ಇವತ್ತು ಮಾತಾಡಬೇಕೆಂದಿರುವುದು ವಿಮಾನ ಹತ್ತುವುದಕ್ಕೆ ಮೊದಲಿನ ಕೆಲವು ಗಂಟೆಗಳ ಬಗ್ಗೆ. ಆ ತಂಡದ ಬಹಳಷ್ಟು ಮಂದಿಯ ಬಳಿ ಪಾಸ್‌ಪೋರ್ಟೇ ಇರಲಿಲ್ಲ. ವಿದೇಶಾಂಗ ಇಲಾಖೆಯವರು ರಾತ್ರಿಯೆಲ್ಲ ಕೂತು ಅವರಿಗೆ ಪಾಸ್‌ಪೋರ್ಟ್ ಮಾಡಿಕೊಟ್ಟರು. ವೀಸಾ ಸಿಕ್ಕಿದ್ದು ಅಲ್ಲಿ ಇಳಿದ ಮೇಲೆ. ವಾರಾಣಸಿ, ಕೋಲ್ಕತ್ತದಂಥ ಊರುಗಳಲ್ಲಿದ್ದ ತಂಡಗಳು ದೆಹಲಿಯ ಕಡೆಗೆ ಬರಬೇಕಿತ್ತು. ಹೋಗುವ ಜಾಗದಲ್ಲಿ ಮೈ ಕೊರೆಯುವ ಚಳಿ. ತಂಡದಲ್ಲಿ ಐವರು ಮಹಿಳೆಯರಿದ್ದರು. ಅವರಲ್ಲೊಬ್ಬರಿಗೆ ಒಂದೂವರೆ ವರ್ಷದ ಅವಳಿ ಮಕ್ಕಳು. ಹೆತ್ತಂದಿನಿಂದ ಒಂದು ದಿನವೂ ಬಿಟ್ಟಿರದ ಆ ಕೂಸುಗಳನ್ನು ಅತ್ತೆ ಮಾವಂದಿರ ಕೈಗೆ ಕೊಟ್ಟು ಆಕೆ ಹೊರಟರು. ಅಷ್ಟು ಅವಸರದಲ್ಲೂ ಅವರು ಕಲ್ಲು ಕೊರೆಯುವ ಯಂತ್ರ, ಕಬ್ಬಿಣ ಕತ್ತರಿಸುವ ಕಟರ್, ಔಷಧಿ, ತಮ್ಮ ಊಟ, ನಾಯಿಗಳ ಊಟ, ಎಲ್ಲವನ್ನೂ ಹೊತ್ತೇ ಹೋದರು.

ಅಷ್ಟೊಂದು ಸಾಮಾನು ಏಕೆ? ಹೋದಲ್ಲಿ ಏನಾದರೂ ಸಿಗುವುದಿಲ್ಲವೇ ಎಂದು ನಮಗೆ ಅನ್ನಿಸಬಹುದು. ಇದಕ್ಕೊಂದು ನಿಯಮವಿದೆ, ನಿಯಮದ ಹಿಂದೆ ಒಂದು ಕಹಿ ಪಾಠವೂ ಇದೆ. 1988ರ ಡಿಸೆಂಬರ್‌ನಲ್ಲಿ ಆರ್ಮೇನಿಯಾದಲ್ಲಿ ದೊಡ್ಡ ಭೂಕಂಪವಾದಾಗ ನಾನಾ ದೇಶಗಳಿಂದ ರಕ್ಷಣಾ ತಂಡಗಳು ಧಾವಿಸಿದವು. ಮನಸ್ಸು ಎಲ್ಲರದ್ದೂ ಒಳ್ಳೆಯದೇ. ಆದರೆ ಯಾರು ಎಲ್ಲಿ ಅಗೆಯಬೇಕು, ಯಾರ ಮಾತು ಯಾರು ಕೇಳಬೇಕು ಎಂಬುದಕ್ಕೆ ಒಂದು ಒಪ್ಪಂದವಿರಲಿಲ್ಲ. ಆ ಅನುಭವದಿಂದಲೇ 1991ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಇನ್‌ಸರಾಗ್ ಎಂಬ ಅಂತರರಾಷ್ಟ್ರೀಯ ಕೂಟ ಹುಟ್ಟಿತು. ಅದರ ಮಾರ್ಗಸೂಚಿಯ ಪ್ರಕಾರ ಮಧ್ಯಮ ಗಾತ್ರದ ತಂಡ 7 ದಿನ, ದೊಡ್ಡ ತಂಡ 10 ದಿನ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಉಣ್ಣುವುದು, ಮಲಗುವುದು, ಶೌಚಕ್ಕೆ ಹೋಗುವುದು, ಕಾಯಿಲೆ ಬಿದ್ದರೆ ಚಿಕಿತ್ಸೆ ಪಡೆಯುವುದು, ಯಾವುದಕ್ಕೂ ಆ ಊರಿನ ಮೇಲೆ ಭಾರ ಹಾಕಬಾರದು.

ಸಹಾಯಕ್ಕೆ ಹೊರಡುವವರ ಮೊದಲ ಧರ್ಮವೇ ಇದು ಎಂದು ನಾನು ನಂಬಿದ್ದೇನೆ. ಮನೆ ಕಳೆದುಕೊಂಡವರ ಪಾಲಿನ ಒಂದು ಲೋಟ ನೀರನ್ನೂ ನಾವು ಕುಡಿಯಬಾರದು. ಗಂಜಿ ಕೇಂದ್ರದಲ್ಲಿ ನಾವು ಕೂತು ಉಂಡ ಎಲೆ ಇನ್ನೊಬ್ಬರಿಗೆ ತಪ್ಪಿದ ಎಲೆ. ತಯಾರಿಯಿಲ್ಲದೆ ನುಗ್ಗಿ, ಮಲಗಲು ಜಾಗ ಕೇಳಿ, ಜ್ವರ ಬಂದು ಇದ್ದೊಬ್ಬ ಡಾಕ್ಟರರ ಸಮಯ ಹಿಡಿದಿಟ್ಟುಕೊಂಡರೆ, ಹಿರಿಯರು ಹೇಳುತ್ತಿದ್ದ ಹಾಗೆ ಅದು ಉರಿಯುವ ಮನೆಯ ಗಳ ಹಿರಿದಂತೆ.

ಹಾಗಾದರೆ ಒಬ್ಬ ಸ್ವಯಂಸೇವಕನ ಚೀಲದಲ್ಲಿ ಏನಿರಬೇಕು? ಅದನ್ನು ಹೊತ್ತು ಕೆಸರಿನಲ್ಲಿ ನಡೆಯುವವನು ತಾನೇ, ಹಾಗಾಗಿ ಹೊರಲಾಗುವಷ್ಟೇ ಇರಬೇಕು. ಬೂಟು ಹೊಸದಾಗಿರಬಾರದು. ಹೊಸ ಬೂಟು ಮೊದಲ ದಿನವೇ ಹಿಮ್ಮಡಿ ಕಚ್ಚುತ್ತದೆ, ಎರಡನೆಯ ದಿನ ಆತ ಕುಂಟುತ್ತಾನೆ, ಮೂರನೆಯ ದಿನ ಅವನನ್ನೇ ಯಾರಾದರೂ ನೋಡಿಕೊಳ್ಳಬೇಕು. ಒಣ ಕಾಲುಚೀಲ ನಾಲ್ಕು ಜೊತೆ ಹೆಚ್ಚಿಗೆ ಇರಲಿ. ತಲೆಗೆ ಕಟ್ಟಿಕೊಳ್ಳುವ ಟಾರ್ಚ್, ಅದಕ್ಕೆ ಬದಲಿ ಸೆಲ್ಲು. ಒಂದು ಸೀಟಿ, ಏಕೆಂದರೆ ಮಣ್ಣಿನಡಿ ಸಿಕ್ಕಿಬಿದ್ದರೆ ಕೂಗುವ ಶಕ್ತಿ ಬೇಗ ಸೋಲುತ್ತದೆ, ಊದುವ ಶಕ್ತಿ ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತದೆ. ಬಿಪಿಗೋ ಸಕ್ಕರೆ ಕಾಯಿಲೆಗೋ ದಿನವೂ ನುಂಗುವ ಮಾತ್ರೆಯಿದ್ದರೆ ಹೋಗುವ ದಿನಗಳ ಎರಡರಷ್ಟು. ಹೆಣ್ಣುಮಕ್ಕಳಿಗೆ ಪ್ಯಾಡ್. ನೆರೆಯ ನೀರಿಗೆ ಇಳಿಯುವುದಾದರೆ ಇಲಿಜ್ವರ ತಡೆಯುವ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿಕೊಂಡಿರಬೇಕು, ಧನುರ್ವಾಯು ಚುಚ್ಚುಮದ್ದು ಆಗಿರಬೇಕು. ರಕ್ತದ ಗುಂಪು ಮತ್ತು ಮನೆಯವರ ಫೋನ್ ನಂಬರು ಬರೆದ ಕಾರ್ಡೊಂದು ಪ್ಲಾಸ್ಟಿಕ್ ಹಾಳೆಯೊಳಗೆ ಸುತ್ತಿ ಅಂಗಿಯ ಜೇಬಿನಲ್ಲಿ. ಚಿಲ್ಲರೆ ನೋಟುಗಳು ಬೇಕೇ ಬೇಕು. ಕರೆಂಟು ಹೋದ ಊರಿನಲ್ಲಿ ಎಟಿಎಮ್ಮೂ ಇಲ್ಲ, ಮೊಬೈಲಿನಲ್ಲಿ ದುಡ್ಡು ಕಳಿಸುವುದೂ ಇಲ್ಲ.

ಊಟದ ವಿಷಯದಲ್ಲಿ ನಮ್ಮ ನಾಡು ಭಾಗ್ಯವಂತ ನಾಡು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಹುರಿದ ಅವಲಕ್ಕಿ, ಹುರಿಹಿಟ್ಟು, ಬೆಲ್ಲ. ಒಲೆ ಬೇಡ, ಬೇಗ ಕೆಡುವುದಿಲ್ಲ, ಹಗುರ. ನಮ್ಮ ಅಜ್ಜಿಯರು ಜಾತ್ರೆಗೆ, ದೂರದ ಯಾತ್ರೆಗೆ ಕಟ್ಟಿಕೊಡುತ್ತಿದ್ದ ಬುತ್ತಿ ವಿಪತ್ತಿನ ಜಾಗಕ್ಕೂ ಸಲ್ಲುತ್ತದೆ.

ಏನನ್ನು ಒಯ್ಯಬಾರದು ಎಂಬುದನ್ನೂ ಹೇಳಬೇಕು. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಗೆ ದೇಶದ ಮೂಲೆಮೂಲೆಯಿಂದ ಹಳೆ ಬಟ್ಟೆಗಳು ಲಾರಿ ಲಾರಿ ಬಂದವು. ಅಲ್ಲಿನ ಮೀನುಗಾರರು ಉಡುವ ಬಟ್ಟೆ ಅವಲ್ಲ, ಅಲ್ಲಿನ ಸೆಕೆಗೆ ಹೊಂದುವಂಥವೂ ಅಲ್ಲ. ಹರಿದವೂ ಇದ್ದವು. ರಸ್ತೆ ಬದಿಯಲ್ಲಿ ರಾಶಿ ಬಿದ್ದ ಆ ಬಟ್ಟೆಗಳನ್ನು ಎತ್ತಿ ಸಾಗಿಸುವುದೇ ಇನ್ನೊಂದು ಕೆಲಸವಾಯಿತು. ಕಡಲು ಎಲ್ಲವನ್ನೂ ಕಿತ್ತುಕೊಂಡರೂ ಮಾನ ಎಂಬುದು ಅವರಲ್ಲಿ ಉಳಿದಿತ್ತು, ಅವರು ಆ ರಾಶಿಗೆ ಕೈ ಹಾಕಲಿಲ್ಲ. ಹೊರಡುವ ಮುನ್ನ ಅಲ್ಲಿರುವವರಿಗೆ ಒಂದು ಫೋನ್ ಮಾಡಿ ಏನು ಬೇಕು ಎಂದು ಕೇಳುವುದು ಚೀಲ ಕಟ್ಟುವುದರ ಮೊದಲ ಹೆಜ್ಜೆ. ಮತ್ತೊಂದು, ಸಂತ್ರಸ್ತರ ಅಳುವ ಮುಖಗಳ ಚಿತ್ರ ತೆಗೆಯುವ ಆಸೆಯನ್ನು ಮನೆಯಲ್ಲೇ ಬಿಟ್ಟು ಹೊರಡಬೇಕು. ಇದನ್ನು ನಾನು ಕಟುವಾಗಿಯೇ ಹೇಳುತ್ತೇನೆ.

ಮನಸ್ಸಿನ ತಯಾರಿ ಇದಕ್ಕಿಂತ ಕಷ್ಟ. ಬೆಂಗಳೂರಿನ ನಿಮ್ಹಾನ್ಸ್‌ನ ತಜ್ಞರು ಗುಜರಾತಿನ ಭೂಕಂಪದಿಂದ ಹಿಡಿದು ಸುನಾಮಿಯವರೆಗೆ, ಆಮೇಲೂ, ಇಂಥ ಜಾಗಗಳಿಗೆ ಹೋಗಿ ನೊಂದವರ ಜೊತೆ ಕೂತಿದ್ದಾರೆ, ಊರಿನವರಿಗೇ ತರಬೇತಿ ಕೊಟ್ಟಿದ್ದಾರೆ. ಮನಸ್ಸಿನ ಪ್ರಥಮ ಚಿಕಿತ್ಸೆ ಎಂಬುದರ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಒಂದು ಕೈಪಿಡಿ ತಂದಿತು. ಮೊದಲು ನೋಡು, ಆಮೇಲೆ ಕೇಳಿಸಿಕೊ, ಆಮೇಲೆ ಬೇಕಾದ ನೆರವಿಗೆ ಜೋಡಿಸು. ಅದರ ತಿರುಳು ಇಷ್ಟೇ. ಗಮನಿಸಿ, ಉಪದೇಶ ಮಾಡು ಎಂದು ಎಲ್ಲೂ ಇಲ್ಲ. ಮಗನನ್ನು ಕಳೆದುಕೊಂಡ ತಾಯಿಗೆ ‘ಎಲ್ಲ ಸರಿಹೋಗುತ್ತದೆ ಅಮ್ಮ’ ಎನ್ನಬಾರದು, ಸರಿಹೋಗುವುದಿಲ್ಲ ಎಂಬುದು ಆಕೆಗೆ ಗೊತ್ತು. ‘ಏನಾಯಿತು ಹೇಳಿ’ ಎಂದು ಕೆದಕಲೂಬಾರದು. ಆಕೆಗೆ ಬೇಕಾದದ್ದು ಒಂದು ಚಾಪೆಯೋ, ಇನ್ನೊಬ್ಬ ಮಗಳು ಯಾವ ಕೇಂದ್ರದಲ್ಲಿದ್ದಾಳೆ ಎಂಬ ಸುದ್ದಿಯೋ ಇರಬಹುದು. ನಮ್ಮ ಕೈಲಾಗದ್ದನ್ನು ಮಾಡಿಕೊಡುತ್ತೇವೆಂದು ಮಾತು ಕೊಟ್ಟು ಬರುವುದಂತೂ ಅಲ್ಲಿಯವರಿಗೆ ಇನ್ನೊಂದು ಪೆಟ್ಟು.

ಇಷ್ಟೆಲ್ಲ ತಯಾರಿಯಾದ ಮೇಲೂ ಲೆಕ್ಕಕ್ಕೆ ಸಿಗದ್ದೊಂದು ನಡೆಯುತ್ತದೆ. ನೂರ್ದಾಗಿಯಲ್ಲಿದ್ದ ಎನ್‌ಡಿಆರ್‌ಎಫ್‌ನ ಅಧಿಕಾರಿಯೊಬ್ಬರು ಸಸ್ಯಾಹಾರಿ. ಹೆಂಡತಿಯನ್ನೂ ಮೂವರು ಮಕ್ಕಳನ್ನೂ ಭೂಕಂಪದಲ್ಲಿ ಕಳೆದುಕೊಂಡ ಸ್ಥಳೀಯರೊಬ್ಬರು ಅದನ್ನು ತಿಳಿದು, ಎಲ್ಲೆಲ್ಲಿಂದಲೋ ಸೇಬೋ ಟೊಮೆಟೋವೋ ಹುಡುಕಿ, ಉಪ್ಪು, ಅಲ್ಲಿನ ಮಸಾಲೆ ಉದುರಿಸಿ ತಂದುಕೊಡುತ್ತಿದ್ದರಂತೆ. ಏನನ್ನೂ ತೆಗೆದುಕೊಳ್ಳಬಾರದು ಎಂಬ ನಿಯಮ ಇಲ್ಲಿ ಏನಾಯಿತು? ನನಗನ್ನಿಸುವುದು ಹೀಗೆ. ನಮ್ಮ ಊಟ ನಮ್ಮ ಚೀಲದಲ್ಲಿದ್ದಾಗ ಮಾತ್ರ ಅವರು ಕೊಟ್ಟದ್ದನ್ನು ಪ್ರೀತಿಯೆಂದು ತೆಗೆದುಕೊಳ್ಳಬಹುದು. ಇರದಿದ್ದರೆ ಅದನ್ನು ಹಸಿವಿನಿಂದ ತೆಗೆದುಕೊಳ್ಳುತ್ತೇವೆ, ಆಗ ಕೊಡುವ ಹಿರಿಮೆಯನ್ನೇ ಅವರಿಂದ ಕಸಿದಂತಾಗುತ್ತದೆ. ಮನೆಮಂದಿಯನ್ನೆಲ್ಲ ಕಳೆದುಕೊಂಡವನಿಗೆ ಇನ್ನೊಬ್ಬರಿಗೆ ಉಣ್ಣಿಸುವ ಒಂದು ಅವಕಾಶ ಉಳಿದಿದ್ದರೆ ಅದನ್ನು ಬೇಡವೆನ್ನುವುದು ತಪ್ಪು.

ವಿಪತ್ತು ನಮಗೆ ದೂರದ ಮಾತಲ್ಲ. ಕೊಡಗಿನಲ್ಲಿ 2018ರಲ್ಲಿ ಗುಡ್ಡಗಳು ಜಾರಿದವು. 2024ರ ಜುಲೈ ಒಂದೇ ತಿಂಗಳಲ್ಲಿ ಅಂಕೋಲಾದ ಶಿರೂರು, ಅದರ ಬೆನ್ನಿಗೇ ನೆರೆಯ ವಯನಾಡು. ಮಳೆ ನಮ್ಮನ್ನು ಕೇಳಿ ಬರುವುದಿಲ್ಲ. ಊರಿನ ಯುವಕ ಯುವತಿಯರಿಗೆಂದೇ ‘ಆಪದ ಮಿತ್ರ’ ಎಂಬ ಸರ್ಕಾರಿ ಯೋಜನೆಯಲ್ಲಿ 12 ದಿನಗಳ ತರಬೇತಿ ಕೊಟ್ಟಿದ್ದಾರೆ, ಲೈಫ್ ಜಾಕೆಟ್, ಟಾರ್ಚ್, ಕೈಗವಸುಗಳಿರುವ ಕಿಟ್ ಕೊಟ್ಟಿದ್ದಾರೆ. ನಿಮ್ಮ ಮನೆಯಲ್ಲಿ ಗಟ್ಟಿಮುಟ್ಟಾದ ಮಕ್ಕಳಿದ್ದರೆ, ಇಂಥ ಮುಂದಿನ ತರಬೇತಿ ಯಾವಾಗ ಎಂದು ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ನಿರ್ವಹಣಾ ವಿಭಾಗದಲ್ಲಿ ವಿಚಾರಿಸಲು ಹೇಳಿ. ಬೇಸಿಗೆಯಲ್ಲೇ ಹೋಗಿ ಕೇಳಲಿ. ಜೂನ್ ಬಂತೆಂದರೆ ಆ ಕಚೇರಿಯವರಿಗೆ ಕಲಿಸಲು ಪುರುಸೊತ್ತಿರುವುದಿಲ್ಲ.