ಬ್ಯಾಸ್ಕೆಟ್‌ಬಾಲ್: ಐವರ ಆಟ, ಹನ್ನೆರಡು ಮಂದಿಯ ಹೊಣೆ



ಸಿರುಗುಪ್ಪದ ಕಡೆಯ ನಿಮಗೆ ಕಬಡ್ಡಿ, ಕೊಕ್ಕೊ, ವಾಲಿಬಾಲ್, ಕ್ರಿಕೆಟ್ ಚೆನ್ನಾಗಿ ಪರಿಚಿತವಾದ ಆಟಗಳು. ಬ್ಯಾಸ್ಕೆಟ್‌ಬಾಲ್ ಅಷ್ಟು ಹತ್ತಿರದ್ದಲ್ಲದಿರಬಹುದು. ಆದರೆ ದೇಶ ದೇಶಗಳ ಪುರುಷರ ತಂಡಗಳು ಈ ಆಟದಲ್ಲಿ ಹೇಗೆ ಸೆಣಸುತ್ತವೆ, ಅದರಲ್ಲಿ ಭಾರತದ ಸ್ಥಾನ ಯಾವುದು, ಆ ಸ್ಥಾನಕ್ಕೂ ನಿಮ್ಮ ಶಾಲೆಯ ಅಂಗಳಕ್ಕೂ ಏನು ಸಂಬಂಧ ಎಂಬುದನ್ನು ಇಂದು ವಿಚಾರ ಮಾಡೋಣ.

ಈ ಆಟ ಹುಟ್ಟಿದ್ದೇ ಒಂದು ಶಾಲೆಯಲ್ಲಿ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ಶಿಕ್ಷಕ ಜೇಮ್ಸ್ ನೈಸ್ಮಿತ್, ಚಳಿಗಾಲದಲ್ಲಿ ಒಳಾಂಗಣದಲ್ಲೇ ಆಡಬಹುದಾದ ಆಟವೊಂದನ್ನು ತನ್ನ ವಿದ್ಯಾರ್ಥಿಗಳಿಗಾಗಿ ರೂಪಿಸಿದರು. ಹಣ್ಣು ತುಂಬುವ ಎರಡು ಬುಟ್ಟಿ, ಒಂದು ಚೆಂಡು, ಹದಿಮೂರು ನಿಯಮಗಳು, ಇಷ್ಟೇ ಬಂಡವಾಳ. 1932ರಲ್ಲಿ ಜಿನೀವಾದಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ‘ಫೀಬಾ’ ಸ್ಥಾಪನೆಯಾಯಿತು. ಪುರುಷರ ಮೊದಲ ವಿಶ್ವ ಚಾಂಪಿಯನ್‌ಷಿಪ್ 1950ರಲ್ಲಿ ಅರ್ಜೆಂಟೀನಾದಲ್ಲಿ ನಡೆದು, ಆತಿಥೇಯ ದೇಶವೇ ಗೆದ್ದಿತು. ಏಷ್ಯಾ ಖಂಡದ ಚಾಂಪಿಯನ್‌ಷಿಪ್ 1960ರಲ್ಲಿ ಮನಿಲಾದಲ್ಲಿ ಆರಂಭವಾಯಿತು.

ಭಾರತ ಈ ಆಟಕ್ಕೆ ಹೊಸದೇನಲ್ಲ. 1975ರ ಏಷ್ಯಾ ಚಾಂಪಿಯನ್‌ಷಿಪ್‌ನಲ್ಲಿ ನಮ್ಮ ತಂಡ ನಾಲ್ಕನೆಯ ಸ್ಥಾನಕ್ಕೇರಿತ್ತು. 1980ರಲ್ಲಿ ಅನೇಕ ದೇಶಗಳು ಮಾಸ್ಕೋ ಒಲಿಂಪಿಕ್ಸ್ ಬಹಿಷ್ಕರಿಸಿದಾಗ ಭಾರತಕ್ಕೆ ಅವಕಾಶ ಒದಗಿತು. ಹನ್ನೆರಡು ತಂಡಗಳಲ್ಲಿ ನಮ್ಮದು ಹನ್ನೆರಡನೆಯದಾಯಿತು. ಆ ಬಳಿಕ ನಮ್ಮ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ ಒಲಿಂಪಿಕ್ಸ್ ಅಂಗಳ ತುಳಿದಿಲ್ಲ. ವಿಶ್ವಕಪ್‌ಗಂತೂ ಒಮ್ಮೆಯೂ ಅರ್ಹತೆ ಪಡೆದಿಲ್ಲ.

ಹಾಗಾದರೆ ನಮ್ಮವರಿಗೆ ಗೆಲ್ಲುವ ಶಕ್ತಿಯೇ ಇಲ್ಲವೇ? ಇದೆ. 2014ರ ಜುಲೈನಲ್ಲಿ ಚೀನಾದ ವುಹಾನ್ ನಗರದಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತ ತಂಡವು ಚೀನಾವನ್ನು ಅದರ ನೆಲದಲ್ಲೇ 65–58ರಿಂದ ಸೋಲಿಸಿತು. ಏಷ್ಯಾದ ಕ್ರೀಡಾಲೋಕವೇ ಬೆರಗಾದ ಫಲಿತಾಂಶ ಅದು. ಆದರೆ ಅದೇ ಪಂದ್ಯಾವಳಿಯಲ್ಲಿ ಭಾರತ ಸೆಮಿಫೈನಲ್ ತಲುಪಲಿಲ್ಲ.

ಮರುವರ್ಷದ ಕಥೆ ನಮ್ಮ ರಾಜ್ಯದಿಂದಲೇ ಶುರುವಾಗುತ್ತದೆ. 2015ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ದಕ್ಷಿಣ ಏಷ್ಯಾ ಚಾಂಪಿಯನ್‌ಷಿಪ್ ನಡೆಯಿತು. ಅದನ್ನು ಗೆದ್ದ ಭಾರತ, ಸೆಪ್ಟೆಂಬರ್‌ನಲ್ಲಿ ಚೀನಾದ ಚಾಂಗ್ಷಾದಲ್ಲಿ ಆರಂಭವಾದ ಏಷ್ಯಾ ಚಾಂಪಿಯನ್‌ಷಿಪ್‌ಗೆ ಪ್ರವೇಶ ಪಡೆಯಿತು. ಅಲ್ಲಿ ಹದಿನಾರು ತಂಡಗಳಿದ್ದವು. ಮೊದಲೆರಡು ಸುತ್ತು ದಾಟಿದ ನಮ್ಮವರಿಗೆ ಕ್ವಾರ್ಟರ್ ಫೈನಲ್‌ನಲ್ಲಿ ಎದುರಾದದ್ದು ಅದೇ ಚೀನಾ. ಈ ಸಲ ದೊಡ್ಡ ಅಂತರದ ಸೋಲು. ಕೊನೆಗೆ ನಮಗೆ ದೊರೆತದ್ದು ಎಂಟನೆಯ ಸ್ಥಾನ. ಚಾಂಪಿಯನ್ ಆದ ಚೀನಾ ರಿಯೋ ಒಲಿಂಪಿಕ್ಸ್‌ಗೆ ಹೊರಟಿತು.

ಒಂದು ವರ್ಷ ಗೆದ್ದವರು ಮರುವರ್ಷ ಹೀಗೇಕೆ ಸೋತರು? ಇದಕ್ಕೆ ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಅಂತರರಾಷ್ಟ್ರೀಯ ಪಂದ್ಯ ಹತ್ತತ್ತು ನಿಮಿಷದ ನಾಲ್ಕು ಭಾಗಗಳದ್ದು. ಒಟ್ಟು 40 ನಿಮಿಷ. ಅಂಕಣದಲ್ಲಿ ಐವರು. ಅಂದರೆ ಒಂದು ಪಂದ್ಯಕ್ಕೆ 200 ನಿಮಿಷಗಳ ದುಡಿಮೆ. ಚಾಂಗ್ಷಾದಲ್ಲಿ ಭಾರತ ಹನ್ನೊಂದು ದಿನಗಳಲ್ಲಿ ಒಂಬತ್ತು ಪಂದ್ಯ ಆಡಿತು. ಅದು 1,800 ನಿಮಿಷ. ಚೆಂಡು ಕೈಗೆ ಬಂದ 24 ಸೆಕೆಂಡುಗಳೊಳಗೆ ಬುಟ್ಟಿಗೆ ಗುರಿಯಿಡಬೇಕೆಂಬ ನಿಯಮವಿರುವುದರಿಂದ ನಿಂತು ಸುಧಾರಿಸಿಕೊಳ್ಳಲು ಎಡೆಯಿಲ್ಲ. ಈ ಭಾರವನ್ನು ತಂಡದ ಹನ್ನೆರಡು ಮಂದಿಯೂ ಹಂಚಿಕೊಳ್ಳಬೇಕು. ಒಂದು ದಿನದ ಪಂದ್ಯವನ್ನು ಐವರು ಉತ್ತಮ ಆಟಗಾರರು ಗೆದ್ದುಕೊಡಬಲ್ಲರು. ಚಾಂಪಿಯನ್‌ಷಿಪ್ ಗೆಲ್ಲಲು ಆರನೆಯವನೂ ಹನ್ನೆರಡನೆಯವನೂ ಅಷ್ಟೇ ಸಮರ್ಥರಿರಬೇಕು.

ಆ ಹನ್ನೆರಡನೆಯವನನ್ನು ದುಡ್ಡು ಕೊಟ್ಟು ತರುವಂತಿಲ್ಲ. ಕ್ಲಬ್ ತಂಡವಾದರೆ ಹೊರದೇಶದ ಆಟಗಾರರನ್ನು ಕೊಂಡೀತು. ರಾಷ್ಟ್ರತಂಡ ಬಹುಮಟ್ಟಿಗೆ ತನ್ನ ನೆಲದಲ್ಲಿ ಬೆಳೆದವರನ್ನೇ ನೆಚ್ಚಬೇಕು. ನಿಮ್ಮ ಊರಿನ ರೈತರನ್ನು ಕೇಳಿ, ಅವರು ಹೇಳಿಯಾರು: ಸಸಿಮಡಿ ಚೆನ್ನಾಗಿಲ್ಲದೆ ಭತ್ತದ ಗದ್ದೆ ತುಂಬುವುದಿಲ್ಲ. ರಾಷ್ಟ್ರತಂಡಕ್ಕೆ ಶಾಲೆಗಳೇ ಸಸಿಮಡಿ.

ನಮ್ಮಲ್ಲಿ ಕೊರತೆ ಇರುವುದು ಇಲ್ಲಿಯೇ. ಚಾಂಗ್ಷಾದಲ್ಲಿ ಆಡಿದ ಅಮೃತಪಾಲ್ ಸಿಂಗ್ ಪಂಜಾಬಿನ ಹಳ್ಳಿಯ ರೈತ ಕುಟುಂಬದವರು. ಹದಿನೆಂಟು ಕಳೆಯುವವರೆಗೂ ಹೊಲದ ಕೆಲಸ ಮಾಡಿಕೊಂಡಿದ್ದು, ಆಮೇಲೆ ಬ್ಯಾಸ್ಕೆಟ್‌ಬಾಲ್ ಹಿಡಿದರು. 2017ರಲ್ಲಿ ಆಸ್ಟ್ರೇಲಿಯದ ಸಿಡ್ನಿ ಕಿಂಗ್ಸ್ ತಂಡ ಅವರನ್ನು ಸೇರಿಸಿಕೊಂಡಿತು. ಅಷ್ಟು ತಡವಾಗಿ ಆರಂಭಿಸಿದವರು ಇಷ್ಟು ದೂರ ಸಾಗಿದರೆ, ಹತ್ತನೆಯ ವಯಸ್ಸಿಗೇ ಚೆಂಡು ಹಿಡಿದ ಹುಡುಗ ಎಲ್ಲಿಗೆ ಮುಟ್ಟಬಹುದಿತ್ತು? ಚೆಂಡೇ ಸಿಗದೆ ಉಳಿದುಹೋದವರು ಎಷ್ಟು ಮಂದಿಯೋ!

“ನಮ್ಮಲ್ಲಿ ಅಂಕಣವೇ ಇಲ್ಲವಲ್ಲ” ಎಂದು ನೀವು ಕೇಳಬಹುದು. ಪೂರ್ಣ ಅಂಕಣಕ್ಕೆ 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ ನೆಲ ಬೇಕು. ಆದರೆ ಟೋಕಿಯೋ ಒಲಿಂಪಿಕ್ಸ್‌ನಿಂದ ಮೂವರು–ಮೂವರ ಆಟವೂ ಒಲಿಂಪಿಕ್ ಸ್ಪರ್ಧೆಯಾಗಿದೆ. ಅದಕ್ಕೆ ಅರ್ಧ ಅಂಕಣ, ಒಂದೇ ಬುಟ್ಟಿ, ಕಡೆಗೆ ನಾಲ್ವರು ಸಾಕು. ಅಕ್ಕಿ ಗಿರಣಿಯ ಮುಂದೆ ಭತ್ತ ಒಣಗಿಸುವ ಸಿಮೆಂಟ್ ನೆಲ ನೀವು ಕಂಡದ್ದೇ; ಅಂಥ ಸಮತಟ್ಟಾದ ತುಣುಕೊಂದು ಶಾಲೆಯಲ್ಲಿದ್ದರೆ ಕೆಲಸ ಆರಂಭಿಸಬಹುದು. ನೆಲದಿಂದ ಸರಿಯಾಗಿ 3.05 ಮೀಟರ್ ಎತ್ತರದಲ್ಲಿ ಭದ್ರವಾದ ಕಂಬಕ್ಕೆ ಹಲಗೆ, ರಿಂಗ್ ಕೂಡಿಸಬೇಕು. ಎತ್ತರದ ಅಳತೆ ತಪ್ಪಿದರೆ ಕಲಿತ ಗುರಿಯೂ ತಪ್ಪುತ್ತದೆ.

ನಿಮ್ಮ ದೈಹಿಕ ಶಿಕ್ಷಣದ ಮೇಷ್ಟರಲ್ಲಿ ಈ ವಿಷಯ ಪ್ರಸ್ತಾಪಿಸಿ. ಎತ್ತರ ಕಡಿಮೆಯೆಂದು ಹಿಂಜರಿಯಬೇಡಿ. ಚೆಂಡು ನಡೆಸುವವನಿಗೆ ಎತ್ತರಕ್ಕಿಂತ ಚುರುಕು ಮುಖ್ಯ. ನೀವೆಲ್ಲರೂ ಭಾರತ ತಂಡ ಸೇರದಿರಬಹುದು. ಆದರೆ ನಿಮ್ಮಂಥ ಸಾವಿರಾರು ಮಂದಿ ಆಡುತ್ತಿದ್ದರೆ ಮಾತ್ರ, ಆ ಹನ್ನೆರಡನೆಯ ಆಟಗಾರನನ್ನು ಆರಿಸುವಾಗ ದೇಶಕ್ಕೆ ಆಯ್ಕೆ ಎಂಬುದೊಂದು ಇರುತ್ತದೆ.