ಮೊಳಕೆಯಲ್ಲಿ ಕಾಣದ ಸಿರಿ

ಬೆಳೆಯುವ ಸಿರಿ ಮೊಳಕೆಯಲ್ಲಿಯೇ ಕಾಣುತ್ತದೆ ಎಂಬುದು ನಮ್ಮಲ್ಲಿ ಹಳೆಯ ಗಾದೆ. ಮಗು ರಾಗವಾಗಿ ಒಂದು ಪದ ಹಾಡಿದರೆ ಸಾಕು, ಶಾಲೆಯ ಓಟದಲ್ಲಿ ಮೊದಲು ಬಂದರೆ ಸಾಕು, ಮನೆಗೆ ಬಂದ ನೆಂಟರು ಈ ಮಾತನ್ನಾಡದೆ ಕಾಫಿಯ ಲೋಟ ಕೆಳಗಿಡುವುದಿಲ್ಲ. ಗಾದೆ ಸುಳ್ಳೆಂದು ಹೇಳುವುದು ನನ್ನ ಉದ್ದೇಶವಲ್ಲ. ಆದರೆ ಮೊಳಕೆಯಲ್ಲಿ ಕಾಣದ ಸಿರಿಯೂ ಒಂದುಂಟು. ಅದರ ಗತಿಯೇನೆಂಬುದನ್ನು ಗಾದೆ ಹೇಳುವುದಿಲ್ಲ. ಎಳೆಯರಲ್ಲಿ ಅಡಗಿರುವ ಶಕ್ತಿಯನ್ನು ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಬೆಳೆಸುವುದು ಹೇಗೆ ಎಂಬ ಪ್ರಶ್ನೆಯನ್ನು ಇಂದು ಒಂದು ಆಟದ ಮೂಲಕ ನೋಡೋಣ. ಆ ಆಟದ ಹೆಸರು ರಗ್ಬಿ ಲೀಗ್.

ನಮ್ಮಲ್ಲಿ ಅದರ ಪರಿಚಯ ಕಡಿಮೆ. ಆದರೂ ಅದನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಒಂದು ಶತಮಾನಕ್ಕೂ ಮಿಕ್ಕಿದ ಕಾಲದಿಂದ ಅಲ್ಲಿ ಹಿರಿಯರು ಬಯಲಿನ ಅಂಚಿನಲ್ಲಿ ನಿಂತು ಹುಡುಗರನ್ನು ಆರಿಸುತ್ತ ಬಂದಿದ್ದಾರೆ. ಬರಿಯ ಬಾಯಿಮಾತಿನಿಂದಲ್ಲ, ಹಣ ಕೊಟ್ಟು ಆರಿಸಿದ್ದಾರೆ. ಹೀಗಾಗಿ ಅವರ ಕಣ್ಣು ಕಂಡದ್ದೂ ಕಾಣದೆ ಹೋದದ್ದೂ ಎರಡೂ ಲೆಕ್ಕಕ್ಕೆ ಸಿಕ್ಕಿವೆ.

ಆಟದ ರೀತಿಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಪ್ರತಿ ತಂಡಕ್ಕೆ ೧೩ ಜನ. ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಕೈಯಲ್ಲಿ ಹಿಡಿದು ಮುಂದಕ್ಕೆ ಓಡಬಹುದು. ಆದರೆ ಕೈಯಿಂದ ಎಸೆಯುವುದಾದರೆ ಮುಂದಕ್ಕೆ ಎಸೆಯುವಂತಿಲ್ಲ. ಎದುರಾಳಿಗಳು ಓಡುವವನನ್ನು ನಮ್ಮ ಕಬಡ್ಡಿಯಲ್ಲಿ ಹಿಡಿಯುವಂತೆ ಹಿಡಿದು ಕೆಡವುತ್ತಾರೆ. ಆರು ಸಲ ಹಿಡಿದುದಾದರೆ ಚೆಂಡು ಎದುರು ತಂಡದ ಪಾಲು. ಒಂದೊಂದು ಹಿಡಿತ ಮುಗಿದ ಮೇಲೂ ಕಾಯುವ ತಂಡದವರು ಹತ್ತು ಮೀಟರು ಹಿಂದಕ್ಕೆ ಸರಿದು ಮತ್ತೆ ಸಾಲುಗಟ್ಟಬೇಕು. ಹೀಗೆ ೮೦ ನಿಮಿಷ. ಬಿದ್ದು ಏಳುವುದೇ ಈ ಆಟದ ಜೀವಾಳವೆಂದರೂ ಸಲ್ಲುತ್ತದೆ.

ಇದು ಹುಟ್ಟಿದ್ದು ಇಂಗ್ಲೆಂಡಿನ ಉತ್ತರ ಭಾಗದ ಗಿರಣಿ ಊರುಗಳಲ್ಲಿ, ಗಣಿಯ ಊರುಗಳಲ್ಲಿ. ಶನಿವಾರ ರಗ್ಬಿ ಆಡಲು ಹೋದ ಕೂಲಿಗಾರನಿಗೆ ಅಂದಿನ ಕೂಲಿ ತಪ್ಪುತ್ತಿತ್ತು. ಆ ನಷ್ಟವನ್ನು ತುಂಬಿಕೊಡಬೇಕೆಂದು ಉತ್ತರದ ಕ್ಲಬ್ಬುಗಳು ಕೇಳಿದವು. ಕೂಡದೆಂದು ದಕ್ಷಿಣದ ದೊಡ್ಡ ಮನುಷ್ಯರು ಹೇಳಿದರು. ೧೮೯೫ನೆಯ ಆಗಸ್ಟ್ ೨೯ರಂದು ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದವರು ಸಭೆ ಸೇರಿ ಬೇರೆಯಾದರು. ಆ ಕವಲೇ ಮುಂದೆ ರಗ್ಬಿ ಲೀಗ್ ಎನಿಸಿತು. ಲೀಡ್ಸ್, ವಿಗನ್, ಹಲ್, ಸೇಂಟ್ ಹೆಲೆನ್ಸ್ ಇವೆಲ್ಲ ಅದರ ತವರುಗಳು. ೧೯೦೮ರಲ್ಲಿ ಸಿಡ್ನಿಯಲ್ಲಿಯೂ ಇದರ ಪಂದ್ಯಾವಳಿ ಆರಂಭವಾಗಿ, ಆಸ್ಟ್ರೇಲಿಯ ಇದರ ಎರಡನೆಯ ಮನೆಯಾಯಿತು.

ಇಂತಹ ಊರುಗಳಲ್ಲಿ ಆಟಗಾರರನ್ನು ಹುಡುಕುವುದು ಸುಲಭವೆಂಬ ನಂಬಿಕೆ ಬಹುಕಾಲ ಇತ್ತು. ಗಣಿಯ ಬಾಯಲ್ಲಿ ನಿಂತು ಒಂದು ಸಿಳ್ಳೆ ಹಾಕಿದರೆ ಒಬ್ಬ ಗಟ್ಟಿಗ ಮೇಲೆ ಬರುತ್ತಾನೆ ಎಂಬ ಮಾತು ಅಲ್ಲಿ ಗಾದೆಯಂತೆಯೇ ಬಳಕೆಯಲ್ಲಿತ್ತು. ಕೆಲವೊಮ್ಮೆ ಸಿರಿ ಮೊಳಕೆಯಲ್ಲಿಯೇ ಕಾಣುವುದೂ ಉಂಟು. ವಿಗನ್ನಿನ ಶಾನ್ ಎಡ್ವರ್ಡ್ಸ್ ಎಂಬ ಹುಡುಗನ ತಂದೆಯೂ ಆಟಗಾರರೇ. ಆ ಹುಡುಗನನ್ನು ವಿಗನ್ ಕ್ಲಬ್ ೧೯೮೩ರಲ್ಲಿ, ಅವನಿಗೆ ಹದಿನೇಳು ತುಂಬಿದ ದಿನದ ನಡುರಾತ್ರಿಯಲ್ಲಿಯೇ, ೩೫,೦೦೦ ಪೌಂಡು ಕೊಟ್ಟು ಬರೆಸಿಕೊಂಡಿತು. ಒಂದು ದಿನ ತಡೆದರೆ ಬೇರೆಯವರ ಪಾಲಾದಾನೆಂಬ ಭಯ. ಆ ಹಣ ವ್ಯರ್ಥವಾಗಲಿಲ್ಲ. ೧೯೮೮ರಿಂದ ೧೯೯೫ರವರೆಗೆ ಸತತವಾಗಿ ಎಂಟು ವರ್ಷ ವಿಗನ್ ಚಾಲೆಂಜ್ ಕಪ್ ಗೆದ್ದಾಗ ಎಡ್ವರ್ಡ್ಸ್ ಆ ತಂಡದ ಬೆನ್ನೆಲುಬಾಗಿದ್ದರು.

ಆದರೆ ಎಲ್ಲರ ಕಥೆಯೂ ಹೀಗಲ್ಲ. ವೇಲ್ಸ್ ನಾಡಿನ ಕಾರ್ಡಿಫ್ ಬಂದರಿನ ಟೈಗರ್ ಬೇ ಕೇರಿಯಲ್ಲಿ ೧೯೩೪ರಲ್ಲಿ ಬಿಲ್ಲಿ ಬಾಸ್ಟನ್ ಹುಟ್ಟಿದರು. ತಂದೆ ಆಫ್ರಿಕದ ಸಿಯೆರಾ ಲಿಯೋನಿನವರು. ಊರಿನ ದೊಡ್ಡ ಕ್ಲಬ್ಬಿಗೂ ವೇಲ್ಸ್ ತಂಡಕ್ಕೂ ಆಡಬೇಕೆಂಬುದು ಹುಡುಗನ ಆಸೆ. ಕಪ್ಪು ಬಣ್ಣದ ಹುಡುಗನಿಗೆ ಆ ಬಾಗಿಲು ತೆರೆಯಲಿಲ್ಲ. ಸೈನ್ಯದಲ್ಲಿದ್ದಾಗ ಅವರ ಆಟವನ್ನು ಕಂಡ ವಿಗನ್ ಕ್ಲಬ್ಬಿನವರು ೧೯೫೩ರಲ್ಲಿ ಮನೆಗೇ ಬಂದರು. ಮೇಜಿನ ಮೇಲೆ ನೋಟುಗಳನ್ನು ಹರಡಿದರು. ಮಗ ಹೋಗುವುದು ತಾಯಿಗೆ ಇಷ್ಟವಿಲ್ಲ. ಒಂದು ಸಾವಿರಕ್ಕೆ ಬದಲು ಮೂರು ಸಾವಿರ ಪೌಂಡು ಕೇಳಿದರೆ ಎದ್ದುಹೋದಾರೆಂದು ಆಕೆ ಎಣಿಸಿ ಹಾಗೆಯೇ ಕೇಳಿದರು. ಬಂದವರು ಒಪ್ಪಿಬಿಟ್ಟರು! ಲೀಗಿಗೆ ಒಮ್ಮೆ ಸಹಿ ಹಾಕಿದವನನ್ನು ಆ ಕಾಲದಲ್ಲಿ ಹಳೆಯ ರಗ್ಬಿ ಯೂನಿಯನ್ ಮತ್ತೆ ಹತ್ತಿರ ಸೇರಿಸುತ್ತಿರಲಿಲ್ಲ. ಹುಡುಗನ ವೇಲ್ಸ್ ಕನಸು ಅಲ್ಲಿಗೆ ಮುಗಿಯಿತು. ಆದರೆ ವಿಗನ್ನಿಗೆ ಅವರು ಗಳಿಸಿದ ಟ್ರೈಗಳು ೪೭೮. ೨೦೨೫ರಲ್ಲಿ, ತೊಂಬತ್ತು ದಾಟಿದ ಮೇಲೆ, ಅವರಿಗೆ ಸರ್ ಪದವಿ ದೊರೆಯಿತು. ರಗ್ಬಿ ಲೀಗ್ ಆಟಗಾರರಲ್ಲಿ ಆ ಗೌರವ ಪಡೆದವರಲ್ಲಿ ಅವರೇ ಮೊದಲಿಗರು.

ಅದೇ ಕಾರ್ಡಿಫ್‌ನ ಇನ್ನೊಬ್ಬ ಹುಡುಗ ಕ್ಲೈವ್ ಸಲಿವನ್. ಬಾಲ್ಯದಲ್ಲಿ ಕಾಲುಗಳಿಗೆ ಹಲವು ಶಸ್ತ್ರಚಿಕಿತ್ಸೆಗಳಾಗಿ, ಇವನು ಸರಿಯಾಗಿ ನಡೆದರೆ ಸಾಕೆಂಬ ಸ್ಥಿತಿ. ೧೯೬೧ರಲ್ಲಿ ಒಂದು ಕ್ಲಬ್ ಪರೀಕ್ಷಿಸಿ ನೋಡಿ ಬೇಡವೆಂದಿತು. ಬಳಿಕ ಹಲ್ ಕ್ಲಬ್ ಒಂದು ಅವಕಾಶ ಕೊಟ್ಟಿತು. ಗುಟ್ಟು ಹೊರಬೀಳದಿರಲೆಂದು ತಂಡದ ಪಟ್ಟಿಯಲ್ಲಿ ಹೆಸರನ್ನೂ ಹಾಕಲಿಲ್ಲ. ‘ಇನ್ನೊಬ್ಬ’ ಎಂದಷ್ಟೇ ಬರೆದರು. ಆ ಇನ್ನೊಬ್ಬ ಅಂದು ಮೂರು ಟ್ರೈ ಹೊಡೆದ. ಮರುದಿನವೇ ಅವನನ್ನು ಸೇರಿಸಿಕೊಂಡರು. ೧೯೭೨ರಲ್ಲಿ ಗ್ರೇಟ್ ಬ್ರಿಟನ್ ತಂಡ ವಿಶ್ವಕಪ್ಪನ್ನು ಗೆದ್ದಾಗ ಅದರ ನಾಯಕ ಈ ಸಲಿವನ್. ಬ್ರಿಟನ್ನಿನ ಯಾವುದೇ ರಾಷ್ಟ್ರೀಯ ತಂಡಕ್ಕೆ ನಾಯಕನಾದ ಮೊದಲ ಕಪ್ಪು ಮನುಷ್ಯನೂ ಆತನೇ. ಇಂದು ಹಲ್ ನಗರವನ್ನು ಹೊಗುವ ಹೆದ್ದಾರಿಗೆ ಅವರ ಹೆಸರಿದೆ. ಮೊದಲು ಬೇಡವೆಂದವರ ಮಾತೇ ಕೊನೆಯ ಮಾತಾಗಿದ್ದರೆ? ಒಬ್ಬರ ಕಣ್ಣಿಗೆ ಬೀಳದಿದ್ದುದು ಇನ್ನೊಬ್ಬರ ಕಣ್ಣಿಗೆ ಬಿತ್ತು; ಎರಡನೆಯ ಬಾಗಿಲೊಂದು ತೆರೆದಿತ್ತು. ಅಷ್ಟರ ಮೇಲೆ ಒಂದು ಜೀವನ ನಿಂತಿತು.

ಹಾಗಾದರೆ ಅನುಭವವುಳ್ಳ ಕಣ್ಣೂ ಏಕೆ ತಪ್ಪುತ್ತದೆ? ಬಣ್ಣ, ಕುಲಗಳ ಮಾತು ಒಂದು ಕಡೆ ಇರಲಿ. ಮನಸ್ಸು ಶುದ್ಧವಾಗಿದ್ದರೂ ಮೋಸ ಮಾಡುವ ಸಂಗತಿ ಇನ್ನೊಂದಿದೆ. ಅದು ಮೈಯ ಗಾತ್ರ. ಶಾಲೆಯಲ್ಲಿ ಡ್ರಿಲ್ ಮಾಸ್ತರರು ಎತ್ತರದ ಪ್ರಕಾರ ಸಾಲು ನಿಲ್ಲಿಸಿದಾಗ ಗಿಡ್ಡರ ಕಡೆ ನಿಂತವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಇಂಗ್ಲೆಂಡಿನಲ್ಲಿ ಹುಡುಗರ ವಯೋವರ್ಗದ ಲೆಕ್ಕ ಸೆಪ್ಟೆಂಬರ್ ೧ರಿಂದ ಆರಂಭ. ಸೆಪ್ಟೆಂಬರ್ ೨ರಂದು ಹುಟ್ಟಿದವನೂ ಮುಂದಿನ ವರ್ಷದ ಆಗಸ್ಟ್ ೩೦ರಂದು ಹುಟ್ಟಿದವನೂ ಒಂದೇ ವರ್ಗ. ದೊಡ್ಡವರಲ್ಲಿ ಒಂದು ವರ್ಷ ಏನೂ ಅಲ್ಲ. ಹನ್ನೆರಡು ವರ್ಷದವನಿಗೆ ಅದು ಅವನ ಬಾಳಿನ ಹನ್ನೆರಡನೆಯ ಒಂದು ಪಾಲು. ಇದರ ಮೇಲೆ ಪ್ರಾಯದ ಆಟ ಬೇರೆ. ಹುಡುಗರು ರಭಸದಿಂದ ಎತ್ತರ ಬೆಳೆಯುವುದು ಸರಾಸರಿ ಹದಿನಾಲ್ಕರ ಸುಮಾರಿಗೆ. ಕೆಲವರಿಗೆ ಹನ್ನೆರಡಕ್ಕೇ ಬರುತ್ತದೆ, ಕೆಲವರಿಗೆ ಹದಿನಾರರತನಕ ಬರುವುದಿಲ್ಲ. ಒಂದೇ ಬಣ್ಣದ ಅಂಗಿ ತೊಟ್ಟ ಇಬ್ಬರಲ್ಲಿ ಒಬ್ಬ ಆಗಲೇ ಗಂಡಸು, ಇನ್ನೊಬ್ಬ ಇನ್ನೂ ಮಗು.

ಇಂತಹ ಇಬ್ಬರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವ ಆಟದಲ್ಲಿ ನೋಡುವವನ ಕಣ್ಣು ಯಾರ ಮೇಲೆ ನಿಲ್ಲುತ್ತದೆ? ದೊಡ್ಡವನ ಮೇಲೆಯೇ. ದೊಡ್ಡವನನ್ನು ಜಿಲ್ಲೆಯ ತಂಡಕ್ಕೆ ತೆಗೆದುಕೊಳ್ಳುತ್ತಾರೆ. ಅಲ್ಲಿ ಒಳ್ಳೆಯ ಗುರುಗಳು, ಒಳ್ಳೆಯ ಪಂದ್ಯಗಳು. ಎರಡು ವರ್ಷದಲ್ಲಿ ಅವನು ನಿಜವಾಗಿಯೇ ಮುಂದಾಗುತ್ತಾನೆ. ನೋಡಿ, ನಾವು ಹೇಳಿರಲಿಲ್ಲವೇ ಎಂದು ಆರಿಸಿದವರು ಹೆಮ್ಮೆಪಡುತ್ತಾರೆ! ಇಂಗ್ಲೆಂಡಿನಲ್ಲಿ ರಗ್ಬಿ ಲೀಗಿನ ಕಿರಿಯರ ತಂಡಗಳನ್ನು ಪರೀಕ್ಷಿಸಿದ ಸಂಶೋಧಕರು ಕಂಡದ್ದೂ ಇದನ್ನೇ: ಆಯ್ಕೆಯ ಮೆಟ್ಟಿಲು ಮೇಲೇರಿದಂತೆ ವಯೋವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರು ಹೆಚ್ಚು, ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರು ಕಡಿಮೆ. ಪ್ರತಿಭೆ ತಿಂಗಳು ನೋಡಿ ಹುಟ್ಟುವುದಿಲ್ಲವಷ್ಟೆ. ಅಲ್ಲಿ ಆರಿಸಿದವರು ಹುಡುಗರನ್ನಲ್ಲ, ಪಂಚಾಂಗವನ್ನು.

ದೊಡ್ಡವನಿಗೂ ಇದರಿಂದ ಹಾನಿಯೇ. ಹದಿಮೂರರಲ್ಲಿ ಮೈಭಾರದಿಂದಲೇ ಎಲ್ಲರನ್ನೂ ಉರುಳಿಸಿದವನು ಚೆಂಡು ಕೊಡುವ ಜಾಣ್ಮೆಯನ್ನಾಗಲಿ, ಸಂದು ನೋಡಿ ನುಗ್ಗುವುದನ್ನಾಗಲಿ ಕಲಿಯುವುದಿಲ್ಲ. ಹದಿನೇಳಕ್ಕೆ ಉಳಿದವರು ಅವನ ಎತ್ತರಕ್ಕೆ ಬಂದಾಗ ಅವನ ಕೈ ಬರಿದು. ಅದಕ್ಕಾಗಿಯೇ ಈಗ ಕೆಲವು ತರಬೇತುದಾರರು ಆಗಾಗ ಹುಡುಗರನ್ನು ವಯಸ್ಸಿನ ಪ್ರಕಾರವಲ್ಲದೆ ಬೆಳವಣಿಗೆಯ ಪ್ರಕಾರ ಗುಂಪುಮಾಡಿ ಆಡಿಸುತ್ತಾರೆ. ನಿಂತ ಎತ್ತರ, ಕುಳಿತ ಎತ್ತರ, ತೂಕ ಇವುಗಳಿಂದ ಹುಡುಗ ಬೆಳವಣಿಗೆಯ ಯಾವ ಹಂತದಲ್ಲಿದ್ದಾನೆಂದು ಅಂದಾಜು ಮಾಡಬಹುದು. ಚಿಕ್ಕವನಿಗೆ ಆ ದಿನ ಚೆಂಡು ಸಿಗುತ್ತದೆ. ದೊಡ್ಡವನು ಬುದ್ಧಿ ಉಪಯೋಗಿಸಬೇಕಾಗುತ್ತದೆ.

ಗಾತ್ರವೇ ಸರ್ವಸ್ವವೆನ್ನುವವರು ರಾಬ್ ಬರ್ರೋ ಅವರನ್ನು ನೆನೆಯಬೇಕು. ಯಾರ್ಕ್‌ಷೈರಿನ ಈ ಹುಡುಗ ಬೆಳೆದು ನಿಂತದ್ದು ಐದು ಅಡಿ ಐದು ಅಂಗುಲ. ಈ ಆಟಕ್ಕೆ ನೀನು ಚಿಕ್ಕವನೆಂಬ ಮಾತನ್ನು ಆತ ಬಾಲ್ಯದಿಂದಲೂ ಕೇಳಿದವರು. ಲೀಡ್ಸ್ ಕ್ಲಬ್ ಮಾತ್ರ ಅವರನ್ನು ಇಟ್ಟುಕೊಂಡು ಬೆಳೆಸಿತು. ೨೦೦೧ರಿಂದ ೨೦೧೭ರವರೆಗೆ ಅದೊಂದೇ ಕ್ಲಬ್ಬಿಗೆ ಆಡಿ ಎಂಟು ಸಲ ಸೂಪರ್ ಲೀಗ್ ಪ್ರಶಸ್ತಿಯಲ್ಲಿ ಪಾಲುಗೊಂಡರು. ೨೦೧೧ರ ಅಂತಿಮ ಪಂದ್ಯದಲ್ಲಿ, ತಮಗಿಂತ ಒಂದು ತಲೆ ಎತ್ತರದವರ ಗುಂಪಿನಲ್ಲಿ ಬಗ್ಗಿ ನುಸುಳಿ ಅವರು ಗಳಿಸಿದ ಟ್ರೈಯನ್ನು ಕಂಡವರು ಮರೆತಿಲ್ಲ. ಅಂದಿನ ಶ್ರೇಷ್ಠ ಆಟಗಾರನೆಂದು ತೀರ್ಪುಗಾರರೆಲ್ಲ ಒಮ್ಮತದಿಂದ ಅವರನ್ನೇ ಆರಿಸಿದರು. ೨೦೧೯ರ ಕೊನೆಯಲ್ಲಿ ಅವರಿಗೆ ವಾಸಿಯಾಗದ ನರರೋಗವಿರುವುದು ಗೊತ್ತಾಯಿತು. ೨೦೨೪ರ ಜೂನಿನಲ್ಲಿ ತೀರಿಕೊಂಡರು. ಒಂದು ನಾಡೇ ಅವರಿಗಾಗಿ ಮರುಗಿತು.

ಆಸ್ಟ್ರೇಲಿಯದ ಜೊನಾಥನ್ ಥರ್ಸ್ಟನ್ ಅವರದೂ ಇದೇ ಬಗೆ. ಸಣಕಲನೆಂದು ಕ್ಲಬ್ಬುಗಳು ಹಿಂದೆಗೆದಾಗ, ಒಂದು ವರ್ಷ ಸಂಬಳವಿಲ್ಲದೆ ಆಡುತ್ತೇನೆಂದು ಒಪ್ಪಿ ಸಿಡ್ನಿಯ ಬುಲ್‌ಡಾಗ್ಸ್ ತಂಡದಲ್ಲಿ ಕಾಲಿಟ್ಟರು. ಬಳಿಕ ಉತ್ತರ ಕ್ವೀನ್ಸ್‌ಲೆಂಡಿನ ತಂಡಕ್ಕೆ ಹೋಗಿ, ೨೦೧೫ರ ಅಂತಿಮ ಪಂದ್ಯವನ್ನು ಹೆಚ್ಚುವರಿ ಆಟದಲ್ಲಿ ತಮ್ಮ ಒಂದು ಒದೆತದಿಂದ ಗೆದ್ದುಕೊಟ್ಟರು; ವರ್ಷದ ಉತ್ತಮ ಆಟಗಾರನಿಗೆ ಕೊಡುವ ಡಾಲಿ ಎಂ ಪದಕವನ್ನು ನಾಲ್ಕು ಸಲ ಪಡೆದರು.

ಅಂದಮೇಲೆ ಬಯಲಿನ ಅಂಚಿನಲ್ಲಿ ನಿಂತವನು ನೋಡಬೇಕಾದ್ದೇನು? ಹುಡುಗ ಟ್ರೈ ಹೊಡೆದದ್ದನ್ನು ಎಲ್ಲರೂ ನೋಡುತ್ತಾರೆ. ಬಲ್ಲವನು ಚೆಂಡಿಲ್ಲದಾಗ ನೋಡುತ್ತಾನೆ. ಎಪ್ಪತ್ತನೆಯ ನಿಮಿಷದಲ್ಲಿ, ಉಸಿರು ಸಾಲದಿದ್ದಾಗ, ಹಿಡಿದು ಕೆಡವಿದ ಮೇಲೆ ಎದ್ದು ಸಾಲಿಗೆ ಓಡುತ್ತಾನೆಯೇ? ತನ್ನ ಕೈಯಿಂದ ಚೆಂಡು ಜಾರಿದಾಗ ಜೊತೆಗಾರನನ್ನು ಬೈಯುತ್ತಾನೆಯೇ, ಮುಂದಿನ ಕೆಲಸಕ್ಕೆ ತೊಡಗುತ್ತಾನೆಯೇ? ಕಳೆದ ವಾರ ಹೇಳಿಕೊಟ್ಟದ್ದು ಈ ವಾರ ಆಟದಲ್ಲಿ ಕಾಣುತ್ತದೆಯೇ? ಇವಾವುದಕ್ಕೂ ಅಳತೆಯ ಪಟ್ಟಿಯಿಲ್ಲ. ಒಂದು ಪಂದ್ಯ ನೋಡಿ ಇವನ್ನು ತಿಳಿಯುವುದೂ ಆಗದು. ಮತ್ತೆ ಮತ್ತೆ ಹೋಗಬೇಕು, ಬೇರೆ ಬೇರೆ ಕಣ್ಣುಗಳು ನೋಡಬೇಕು.

ಗುರುತಿಸುವುದು ಒಂದು ದಿನದ ಕೆಲಸ. ಬೆಳೆಸುವುದು ಹತ್ತು ವರ್ಷದ್ದು. ಸಿಡ್ನಿಯ ಪಶ್ಚಿಮದ ಅಂಚಿನಲ್ಲಿರುವ ಪೆನ್ರಿತ್ ಇದಕ್ಕೆ ಒಳ್ಳೆಯ ನಿದರ್ಶನ. ಕ್ಲಬ್ಬುಗಳು ಆಟಗಾರರ ಸಂಬಳಕ್ಕೆ ಇಷ್ಟಕ್ಕಿಂತ ಹೆಚ್ಚು ವೆಚ್ಚ ಮಾಡಬಾರದೆಂಬ ನಿಯಮ ಅಲ್ಲಿದೆ. ಆದ್ದರಿಂದ ಕೊಂಡು ತರುವುದಕ್ಕಿಂತ ಬೆಳೆದುಕೊಳ್ಳುವುದು ಲಾಭ. ಪೆನ್ರಿತ್‌ನವರು ತಮ್ಮ ಸುತ್ತಲ ಬಡಾವಣೆಗಳ ಹುಡುಗರನ್ನು ಕಿರಿಯರ ತಂಡಗಳಲ್ಲಿ ಒಟ್ಟಿಗೆ ಬೆಳೆಸಿದರು. ನೇಥನ್ ಕ್ಲೀರಿ, ಜರೋಮ್ ಲೂಆಯ್, ಬ್ರಯನ್ ತೊಓ, ಸ್ಟೀಫನ್ ಕ್ರೈಟನ್ ಇವರೆಲ್ಲ ಹಾಗೆ ಬಂದವರು. ಒಬ್ಬ ಓಡುವ ಮೊದಲೇ ಇನ್ನೊಬ್ಬನಿಗೆ ಅವನ ದಾರಿ ಗೊತ್ತು. ೨೦೨೧, ೨೦೨೨, ೨೦೨೩, ೨೦೨೪ ಹೀಗೆ ನಾಲ್ಕು ವರ್ಷ ಸತತವಾಗಿ ಆ ಕ್ಲಬ್ ಪ್ರಶಸ್ತಿ ಗೆದ್ದಿತು. ಗೆದ್ದವರ ಬೆಲೆ ಏರಿ ಕ್ರೈಟನ್, ಲೂಆಯ್ ಮುಂತಾದವರು ಬೇರೆ ಕ್ಲಬ್ಬುಗಳಿಗೆ ಹೋದರು. ಹಣ್ಣು ಕಿತ್ತರೂ ಮರ ಉಳಿದಿದ್ದರೆ ಮತ್ತೊಂದು ಫಸಲಿಗೆ ಆಸೆಯಿರುತ್ತದೆ.

ಕೊನೆಯದಾಗಿ, ಆಯ್ಕೆಯಾಗದೆ ಮನೆಗೆ ಮರಳುವ ಹುಡುಗನ ಮಾತು. ಎಲ್ಲಿ ನೋಡಿದರೂ ಅಂತಹವರೇ ಹೆಚ್ಚು. ಅಕಾಡೆಮಿ ಸೇರಿದವರಲ್ಲಿಯೂ ಆಟವನ್ನೇ ಜೀವನೋಪಾಯವಾಗಿ ಮಾಡಿಕೊಳ್ಳುವವರು ಕೆಲವರು ಮಾತ್ರ. ಹದಿನಾಲ್ಕನೆಯ ವಯಸ್ಸಿನಲ್ಲಿ ‘ನೀನು ಬೇಡ’ ಎಂದು ಕೇಳಿದವನು ಅದನ್ನು ಆಟದ ಮಾತೆಂದು ತಿಳಿಯುವುದಿಲ್ಲ. ತನ್ನ ಮೇಲಿನ ತೀರ್ಪೆಂದೇ ತಿಳಿಯುತ್ತಾನೆ. ಆದ್ದರಿಂದ ಒಳ್ಳೆಯ ಕ್ಲಬ್ ಆ ಮಾತನ್ನು ಕಾಗದದಲ್ಲಿ ಬರೆದು ಕಳುಹಿಸದೆ ಎದುರು ಕೂರಿಸಿ ಹೇಳುತ್ತದೆ, ಏಕೆಂದು ವಿವರಿಸುತ್ತದೆ, ಓದನ್ನೋ ಕಸುಬನ್ನೋ ಬಿಡದಂತೆ ಮೊದಲಿನಿಂದಲೇ ನೋಡಿಕೊಳ್ಳುತ್ತದೆ, ಎರಡು ವರ್ಷ ಬಿಟ್ಟು ಮತ್ತೆ ಬಾ ಎಂದು ಬಾಗಿಲನ್ನು ಓರೆಯಾಗಿ ತೆರೆದಿಡುತ್ತದೆ. ಮನೆಯಲ್ಲಿ ತಂದೆತಾಯಿಗಳ ಕೆಲಸವೂ ಇದಕ್ಕಿಂತ ಬೇರೆಯಲ್ಲ.

ನಮ್ಮ ರೈತ ಮುಂಗಾರಿನ ಪೈರು ತಲೆಯೆತ್ತಿತೆಂದು ಹಿಂಗಾರಿನ ಬೀಜವನ್ನು ತಿಪ್ಪೆಗೆ ಎಸೆಯುವುದಿಲ್ಲ. ಪ್ರತಿಯೊಂದಕ್ಕೂ ಅದರ ಮಳೆ ಬರಬೇಕೆಂದು ಅವನಿಗೆ ಗೊತ್ತು. ಮೊಳಕೆಯಲ್ಲಿ ಸಿರಿ ಕಂಡರೆ ಸಂತೋಷ. ಕಾಣದಿದ್ದರೆ ನೀರು ಹಾಕುವುದನ್ನು ನಿಲ್ಲಿಸಬೇಕೆಂದು ಯಾವ ಗಾದೆಯೂ ಹೇಳಿಲ್ಲ.