ವಯಸ್ಕರ ಶಿಕ್ಷಣ: ಸರ್ಕಾರದ ಹಣ, ನಮ್ಮ ಹೊಣೆ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳ್ಳಿಹಬ್ಬದ ದಿನ ಸಂಘದ ಏಳಿಗೆಯ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ ಕೂರುವುದು ವಾಡಿಕೆ. ಗೊಬ್ಬರ, ಬೆಳೆಸಾಲ, ರೇಷನ್ನು ಊರಿನಲ್ಲೇ ಸಿಗುವಂತಾದದ್ದು ಸಣ್ಣ ಮಾತಲ್ಲ. ಅದನ್ನೆಲ್ಲ ಕಾರ್ಯದರ್ಶಿಗಳು ವರದಿಯಲ್ಲಿ ಓದಿದ್ದಾರೆ. ನಾವು, ಅಂದರೆ 1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ ಈ ಸೀಮೆಯಲ್ಲಿ ರಾತ್ರಿ ತರಗತಿ ನಡೆಸಿದ ಕೆಲವರು, ಬೇರೊಂದು ವಿಷಯ ಎತ್ತಬೇಕೆಂದು ಬಂದಿದ್ದೇವೆ. ನಮ್ಮ ಸಂಘದ ಸಾಲದ ಕಾಗದಗಳ ಮೇಲೆ ಇವತ್ತಿಗೂ ಹೆಬ್ಬೆಟ್ಟಿನ ಗುರುತು ಬೀಳುತ್ತಿದೆ. ಇಪ್ಪತ್ತೈದು ವರ್ಷದ ಲೆಕ್ಕದಲ್ಲಿ ಇದೂ ಸೇರಬೇಕು.

ಸರ್ಕಾರ ಏನೂ ಮಾಡಿಲ್ಲ ಎಂದು ನಾವು ಹೇಳುವುದಿಲ್ಲ. 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಶುರುವಾಯಿತು. 15ರಿಂದ 35 ವರ್ಷದ 10 ಕೋಟಿ ಜನರಿಗೆ ಐದು ವರ್ಷದಲ್ಲಿ ಅಕ್ಷರ ಕಲಿಸುವ ಗುರಿ. ಅದು ಈಡೇರಲಿಲ್ಲ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂತು. 1990ರಲ್ಲಿ ಕೇರಳದ ಎರ್ನಾಕುಲಂ ಸಂಪೂರ್ಣ ಸಾಕ್ಷರ ಜಿಲ್ಲೆಯಾದ ಮೇಲೆ ದೇಶದ ತುಂಬ ಆಂದೋಲನದ ಗಾಳಿ ಬೀಸಿತು. ಕೇಂದ್ರದ ಎರಡು ಪಾಲು, ರಾಜ್ಯದ ಒಂದು ಪಾಲು ಹಣದಲ್ಲಿ ಜಿಲ್ಲೆಗೊಂದು ಸಾಕ್ಷರತಾ ಸಮಿತಿ. ಕಲಿಸುವವರಿಗೆ ಸಂಬಳವಿಲ್ಲ. ನಮ್ಮ ಕೈಗೆ 'ಬಾಳಿಗೆ ಬೆಳಕು' ಪುಸ್ತಕ, ಸ್ಲೇಟು, ಒಂದು ಲಾಟೀನು ಬಂತು.

ಆ ದಿನಗಳ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಮ್ಮ ಕೇಂದ್ರದ ಹಾಜರಿ ಪುಸ್ತಕದಲ್ಲಿ ಇಪ್ಪತ್ತೆರಡು ಹೆಸರಿತ್ತು. ದೀಪಾವಳಿ ಕಳೆದು ಅಡಿಕೆ ಕೊಯ್ಲು ಶುರುವಾದಾಗ ಬರುತ್ತಿದ್ದವರು ಏಳು ಜನ. ಉಳಿದ ಹೆಂಗಸರೆಲ್ಲ ಯಾರದೋ ಮನೆ ಜಗಲಿಯಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ನಡುರಾತ್ರಿವರೆಗೆ ಅಡಿಕೆ ಸುಲಿಯುತ್ತಿದ್ದರು. ಅದು ಅವರ ವರ್ಷದ ನಾಲ್ಕು ಕಾಸಿನ ಕಾಲ. ಬಿಟ್ಟು ಬನ್ನಿ ಎನ್ನಲು ನಮಗೆ ಬಾಯಿ ಬರಲಿಲ್ಲ. ಆದರೆ ಪುಸ್ತಕದಲ್ಲಿ ಇಪ್ಪತ್ತೆರಡೂ ಹೆಸರಿಗೆ ಹಾಜರಿ ಹಾಕಿದೆವು. ಮೇಲಿನವರು ಸಂಖ್ಯೆ ಕೇಳುತ್ತಿದ್ದರು, ನಾವು ಸಂಖ್ಯೆ ಕೊಟ್ಟೆವು. ದಾಖಲಾತಿ ಬೇರೆ, ಕಲಿಕೆ ಬೇರೆ ಎಂಬುದು ನಮಗೆ ಗೊತ್ತಿದ್ದೂ ಸುಮ್ಮನಿದ್ದೆವು.

ಅನುದಾನದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಮಲೆನಾಡಿನ ದುಡಿಮೆಯ ವರ್ಷ ಹಾಗಿಲ್ಲ. ಮಳೆಗಾಲದಲ್ಲಿ ನಾಟಿ, ಚಳಿಗಾಲದಲ್ಲಿ ಸುಲಿಯುವ ಕೆಲಸ. ಸ್ವಲ್ಪ ಬಿಡುವು ಸಿಗುವುದು ಶಿವರಾತ್ರಿ ಕಳೆದ ಮೇಲೆ. ಅಷ್ಟೊತ್ತಿಗೆ ಸರ್ಕಾರಿ ಲೆಕ್ಕ ಮುಗಿಸುವ ಗಡಿಬಿಡಿ. ಜನ ಬರುವ ಹೊತ್ತಿಗೆ ಹಣವಿಲ್ಲ, ಹಣವಿರುವ ಹೊತ್ತಿಗೆ ಜನವಿಲ್ಲ.

ಆಮೇಲೆ ಮುಂದುವರಿಕೆ ಶಿಕ್ಷಣ ಬಂತು. ಎರಡು, ಎರಡೂವರೆ ಸಾವಿರ ಜನಸಂಖ್ಯೆಗೊಂದು ಕೇಂದ್ರ. ಮೊದಲ ಮೂರು ವರ್ಷ ಪೂರ್ತಿ ಹಣ ಕೇಂದ್ರದ್ದು, ನಂತರ ಎರಡು ವರ್ಷ ಅರ್ಧರ್ಧ, ಆಮೇಲೆ ರಾಜ್ಯವೇ ನೋಡಿಕೊಳ್ಳಬೇಕು. 2009ರ ಸಾಕ್ಷರ ಭಾರತದಲ್ಲಿ ಪ್ರೇರಕರಿಗೆ ತಿಂಗಳಿಗೆ 2,000 ರೂಪಾಯಿ ಗೌರವಧನವಿತ್ತು. 2018ರ ಮಾರ್ಚಿಗೆ ಅದೂ ನಿಂತಿತು. 2022ರಿಂದ 2027ರವರೆಗಿನ ನವಭಾರತ ಸಾಕ್ಷರತಾ ಕಾರ್ಯಕ್ರಮಕ್ಕೆ, 'ಉಲ್ಲಾಸ್' ಅನ್ನುತ್ತಾರಲ್ಲ ಅದಕ್ಕೆ, 1,037.90 ಕೋಟಿ ರೂಪಾಯಿ ಇಟ್ಟರು. ಗುರಿ 5 ಕೋಟಿ ಜನ. ಭಾಗಿಸಿ ನೋಡಿ: ಒಬ್ಬರಿಗೆ ಸುಮಾರು 208 ರೂಪಾಯಿ. ಈಗಿನ ಧಾರಣೆಯಲ್ಲಿ ಅರ್ಧ ಕಿಲೋ ರಾಶಿ ಅಡಿಕೆಯೂ ಬರುವುದಿಲ್ಲ! ಕಲಿಸುವವರು ಮತ್ತೆ ಸ್ವಯಂಸೇವಕರೇ.

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36, ನಮ್ಮ ಶಿವಮೊಗ್ಗ ಜಿಲ್ಲೆಯದು ಶೇ. 80.45. ಸಂತೋಷವೇ. ಆದರೆ ಸರಾಸರಿ ಚೆನ್ನಾಗಿದೆ ಎಂದು ಉಳಿದವರನ್ನು ಮರೆಯುವ ಅಪಾಯವೂ ಇದರಲ್ಲೇ ಇದೆ. ಉಳಿದವರು ಯಾರು? ನಮ್ಮ ಕೇರಿಯ ವಯಸ್ಸಾದ ಹೆಂಗಸರು, ಕೂಲಿಯವರು. ನಮ್ಮ ಸಂಘದ ಷೇರುದಾರರು.

ಅಕ್ಷರ ಬಾರದವರು ತಿಳಿವಳಿಕೆ ಇಲ್ಲದವರಲ್ಲ. 1949ರಲ್ಲಿ ಹುಟ್ಟಿದ ನೀನಾಸಂ ಇದನ್ನು ಹೆಗ್ಗೋಡಿನಲ್ಲೇ ತೋರಿಸಿಕೊಟ್ಟಿದೆ. ಸುಬ್ಬಣ್ಣನವರು ಜಗತ್ತಿನ ನಾಟಕ, ಸಿನಿಮಾಗಳನ್ನು ಹಳ್ಳಿಗರ ಮುಂದಿಟ್ಟು ಮಾತಿಗೆ ಕೂರಿಸಿದರು. ಭೀಮನಕೋಣೆಯ ಚರಕದಲ್ಲಿ ಹೆಂಗಸರು ಸೇರಿ ನೇಯ್ಗೆಯ ಸಹಕಾರ ಸಂಘವನ್ನೇ ಕಟ್ಟಿದರು. ಇನ್ನೂ ಹಿಂದೆ ಹೋದರೆ, 1951ರ ಕಾಗೋಡು ಸತ್ಯಾಗ್ರಹಕ್ಕೆ ಕಾರಣವಾದದ್ದರಲ್ಲಿ ಗೇಣಿ ಅಳೆಯುವ ಕೊಳಗದ ತಕರಾರೂ ಒಂದು. ಅಳತೆ ನಮ್ಮ ಕಣ್ಣಿಗೆ ಕಾಣಬೇಕು ಎಂದು ಗೇಣಿದಾರರು ಎದ್ದು ನಿಂತರು. ಕೊಳಗದ ಜಾಗಕ್ಕೆ ಈಗ ಪಾಸ್‌ಬುಕ್ಕು, ಸಾಲಪತ್ರ, ಮೊಬೈಲಿಗೆ ಬರುವ ಸಂದೇಶ ಬಂದಿವೆ. ಅದನ್ನು ಓದಲಾರದವರು ಇನ್ನೊಬ್ಬರ ಮಾತನ್ನೇ ನಂಬಬೇಕು.

ನಮ್ಮ ತರಗತಿಗೆ ಕೊನೆವರೆಗೂ ಬಂದ ಒಬ್ಬ ಅಮ್ಮ ಒಂದು ದಿನ ಕೇಳಿದರು: "ಮೇಷ್ಟ್ರೇ, ಹೆಸರು ಬರಿಯೋದು ಕಲ್ಸಿದ್ರಿ. ಸೊಸೈಟಿ ಪುಸ್ತಕ ಓದೋದು ಯಾವಾಗ ಕಲಿಸ್ತೀರಿ?" ಅಷ್ಟರಲ್ಲಿ ಆಂದೋಲನ ಮುಗಿದಿತ್ತು. ನಾವು ಉತ್ತರ ಕೊಡಲಿಲ್ಲ. ಆ ಉತ್ತರದ ಬಾಕಿ ನಮ್ಮ ಮೇಲೆ ಇನ್ನೂ ಇದೆ.

ಸಹಕಾರಿಗಳಿಗೆ ಇದು ಹೊಸ ಕೆಲಸವಲ್ಲ. ಇಂಗ್ಲೆಂಡಿನ ರಾಕ್‌ಡೇಲ್‌ನಲ್ಲಿ 1844ರಲ್ಲಿ ಅಂಗಡಿ ತೆರೆದ ನೇಕಾರರು ಮುಂದೆ ಲಾಭದ ಶೇ. 2.5ರಷ್ಟನ್ನು ಶಿಕ್ಷಣಕ್ಕೆಂದೇ ತೆಗೆದಿಟ್ಟರು. ಇವತ್ತಿಗೂ ಸಹಕಾರದ ಏಳು ತತ್ವಗಳಲ್ಲಿ ಐದನೆಯದು ಶಿಕ್ಷಣ.

ಆದ್ದರಿಂದ ನಮ್ಮ ವಿನಂತಿ ನಾಲ್ಕು. ಒಂದು, ಹೆಬ್ಬೆಟ್ಟು ಒತ್ತುವ ಸದಸ್ಯರ ಪಟ್ಟಿ ಮಾಡೋಣ. ಅದನ್ನು ಬೋರ್ಡಿಗೆ ಹಚ್ಚುವುದು ಬೇಡ, ಮನೆಗೆ ಹೋಗಿ ಕೇಳೋಣ. ಎರಡು, ಶಿವರಾತ್ರಿಯಿಂದ ಮಳೆ ಹಿಡಿಯುವವರೆಗೆ ಸಂಘದ ಸಭಾಂಗಣದಲ್ಲಿ ತರಗತಿ ನಡೆಸೋಣ. ಹೊತ್ತನ್ನು ಕಲಿಯುವವರೇ ಹೇಳಲಿ. ಮೂರು, ಪಾಠ ಪಾಸ್‌ಬುಕ್ಕಿನಿಂದಲೇ ಶುರುವಾಗಲಿ. ನಾಲ್ಕು, ಸರ್ಕಾರದ ಹಣ ಬಂದರೆ ಬರಲಿ, ಕೇಳುವುದು ನಮ್ಮ ಹಕ್ಕು. ಆದರೆ ಅದು ನಿಂತ ದಿನ ತರಗತಿ ನಿಲ್ಲದಂತೆ ಲಾಭದಲ್ಲಿ ಒಂದು ಸಣ್ಣ ಪಾಲನ್ನು ಮಹಾಸಭೆ ಮಂಜೂರು ಮಾಡಲಿ. ಕಲಿಸುವವರಿಗೂ ಒಂದಿಷ್ಟು ಗೌರವಧನ ಇರಲಿ. ಲೆಕ್ಕಪತ್ರದ ಜೊತೆಗೆ ನಿಜವಾದ ಹಾಜರಿಯನ್ನೂ ಪ್ರತಿ ವರ್ಷ ಮಹಾಸಭೆಯ ಮುಂದಿಡೋಣ. ಏಳು ಜನ ಬಂದರೆ ಏಳು ಎಂದೇ ಬರೆಯೋಣ.

ನಮಗೂ ವಯಸ್ಸಾಗಿದೆ. ಆದರೂ ಕಲಿಸುವವರ ಪಟ್ಟಿಯಲ್ಲಿ ಮೊದಲ ಹೆಸರುಗಳು ನಮ್ಮವೇ ಇರಲಿ.